ಬಿಸಿಯೂಟ ಮಕ್ಕಳ ಹೊಟ್ಟೆ ಸೇರಬೇಕಾದರೆ: ಸರ್ಕಾರಿ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕರ್ನಾಟಕದ ಸರ್ಕಾರಿ ಶಾಲೆಗೆ ಬರುವ ಮಗುವಿಗೆ ಇವತ್ತು ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಅದರ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ಇದು ಸಣ್ಣ ಮಾತಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದ್ದು 2001ರ ನವೆಂಬರ್‌ನಲ್ಲಿ. ನಮ್ಮಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ 2002-03ರಲ್ಲಿ ಉತ್ತರದ 7 ಜಿಲ್ಲೆಗಳಲ್ಲಿ ಶುರುವಾಯಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2004ರಲ್ಲಿ 6 ಮತ್ತು 7ನೇ ತರಗತಿಗೆ, 2007ರಲ್ಲಿ ಹೈಸ್ಕೂಲಿಗೆ ವಿಸ್ತರಿಸಿತು.

ಆದರೆ ಬಡಿಸಿದ್ದೆಲ್ಲ ಮಕ್ಕಳ ಹೊಟ್ಟೆ ಸೇರುತ್ತಿದೆಯಾ? ಊಟದ ಹೊತ್ತಿಗೆ ಯಾವುದಾದರೂ ಶಾಲೆಗೆ ಹೋಗಿ ನಿಂತರೆ ಉತ್ತರ ಸಿಗುತ್ತದೆ. ಅನ್ನ ಖಾಲಿಯಾಗಿರುತ್ತದೆ. ಸಾಂಬಾರಿನ ತಿಳಿಯೂ ಹೋಗಿರುತ್ತದೆ. ತಟ್ಟೆಯ ಅಂಚಿನಲ್ಲಿ ಮಾತ್ರ ಕುಂಬಳಕಾಯಿ, ಬೀನ್ಸ್, ಮೂಲಂಗಿ ಹೋಳುಗಳು ಸಾಲಾಗಿ ಕೂತಿರುತ್ತವೆ. ಗೇಟಿನಾಚೆ ಅಂಗಡಿಯಲ್ಲಿ ಅದೇ ಮಕ್ಕಳ ಕೈಯಲ್ಲಿ ಕುರುಕಲಿನ ಪ್ಯಾಕೆಟ್ ಇರುತ್ತದೆ.

ಈ ಬರಹ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ತಮ್ಮ ಊರಿನ ಶಾಲೆಯ ಮೇಲೆ ಪ್ರೀತಿ ಇಟ್ಟುಕೊಂಡ ತಂದೆ ತಾಯಿಗಳಿಗೆ. ಹೊಸ ಯೋಜನೆ ಬರಲಿ ಎಂದು ಕಾಯಬೇಕಾಗಿಲ್ಲ. ಇರುವ ಊಟ ಪೂರ್ತಿಯಾಗಿ ಮಕ್ಕಳಿಗೆ ಸೇರುವಂತೆ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆದ ಹಾಗೆ.

1. ಒಂದು ವಾರ ಸುಮ್ನೆ ನೋಡಿ

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಮಕ್ಕಳು ತಟ್ಟೆ ತೊಳೆಯುವ ಜಾಗದಲ್ಲಿ ಎರಡು ಬಕೆಟ್ ಇಡಿ. ಉಳಿದ ಅನ್ನ ಒಂದಕ್ಕೆ, ತರಕಾರಿ ಮತ್ತು ಕಾಳು ಇನ್ನೊಂದಕ್ಕೆ. ಊಟ ಮುಗಿದ ಮೇಲೆ ಎರಡನ್ನೂ ತೂಗಿ. ಅವತ್ತಿನ ಅಡುಗೆ ಏನು, ಎಷ್ಟು ಮಕ್ಕಳು ಉಂಡರು, ಎಷ್ಟು ಉಳಿಯಿತು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಬಕೆಟ್ ಇಟ್ಟಿದ್ದು ಯಾಕೆ ಎಂದು ಮಕ್ಕಳಿಗೆ ಈಗಲೇ ಹೇಳಬೇಡಿ. ಹೇಳಿದರೆ ಬೈಸಿಕೊಳ್ಳುವ ಭಯಕ್ಕೆ ತರಕಾರಿಯನ್ನು ಕಾಂಪೌಂಡಿನಾಚೆ ಎಸೆಯುತ್ತಾರೆ, ನಿಮಗೆ ನಿಜ ಗೊತ್ತಾಗುವುದಿಲ್ಲ. ಒಂದನೇ ತರಗತಿ ಮಕ್ಕಳ ಹತ್ತಿರ ಒಂದು ದಿನ ಕೂತು ನೋಡಿ. ಹೋಳು ದೊಡ್ಡದಾಗಿ ಬಾಯಿಗೆ ಹಿಡಿಯುತ್ತಿಲ್ಲವಾ? ಖಾರ ಜಾಸ್ತಿಯಾ? ಅಥವಾ ಪಕ್ಕದವನು ಬಿಟ್ಟ ಅಂತ ಇವನೂ ಬಿಟ್ಟನಾ? ಮೂರಕ್ಕೂ ಪರಿಹಾರ ಬೇರೆ ಬೇರೆ.

2. ಕೊಡಬೇಕಾದಷ್ಟು ಪಾತ್ರೆಗೆ ಬೀಳುತ್ತಿದೆಯೇ ಎಂದು ತೂಗಿ

ಸರ್ಕಾರವೇ ನಿಗದಿ ಮಾಡಿದ ಅಳತೆ ಇದೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 6ರಿಂದ 8ನೇ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಅಂದರೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್.

ಲೆಕ್ಕ ಹಾಕಿ ನೋಡೋಣ. ಕೆಳಗಿನ ತರಗತಿಗಳಲ್ಲಿ 60 ಮಕ್ಕಳು, ಮೇಲಿನ ತರಗತಿಗಳಲ್ಲಿ 40 ಮಕ್ಕಳು ಇದ್ದಾರೆ ಅನ್ನಿ. ಒಂದು ದಿನಕ್ಕೆ 12 ಕೆಜಿ ಅಕ್ಕಿ, 2.4 ಕೆಜಿ ಬೇಳೆ, 6 ಕೆಜಿ ತರಕಾರಿ, 600 ಗ್ರಾಂ ಎಣ್ಣೆ ಬೇಕು. ಈಗ ನಿಮ್ಮ ಶಾಲೆಯ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಪಕ್ಕದಲ್ಲೇ ಒಂದು ತಕ್ಕಡಿ ಇರಲಿ.

ಅಕ್ಕಿಯ ಅಳತೆ ಸಾಮಾನ್ಯವಾಗಿ ತಪ್ಪುವುದಿಲ್ಲ, ಕಡಿಮೆ ಬಿದ್ದರೆ ಮಕ್ಕಳೇ ಕೇಳುತ್ತಾರೆ. ತರಕಾರಿ ಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಟೊಮೆಟೊ, ಈರುಳ್ಳಿ ಬೆಲೆ ಏರಿದ ವಾರ ಮೊದಲು ಕತ್ತರಿ ಬೀಳುವುದೇ ತರಕಾರಿಗೆ. ಆ ವಾರಗಳಲ್ಲಿ ಟೊಮೆಟೊ ಬಿಟ್ಟು ಹುಣಸೆಹಣ್ಣು ಹಾಕಿ, ಉಳಿದ ದುಡ್ಡಲ್ಲಿ ಕುಂಬಳಕಾಯಿ, ಸೋರೆಕಾಯಿ, ಸೊಪ್ಪು ತನ್ನಿ. ಸಂತೆಯಲ್ಲಿ ಯಾವುದು ರಾಶಿ ಬಿದ್ದಿದೆಯೋ ಅದೇ ಆ ಕಾಲದ ತರಕಾರಿ, ಬೆಲೆಯೂ ಕಡಿಮೆ. ಊರಿನ ರೈತರಿಂದ ನೇರವಾಗಿ ತಂದರೆ ಇನ್ನೂ ಒಳ್ಳೆಯದು. ಎಷ್ಟೋ ಜನ ಶಾಲೆಗೆ ಎಂದರೆ ನಾಲ್ಕು ಹಿಡಿ ಜಾಸ್ತಿಯೇ ಹಾಕಿ ಕೊಡುತ್ತಾರೆ.

3. ಅಡುಗೆಯವರ ಜೊತೆ ಕೂತು ಮಾತಾಡಿ

ಇದು ಎಲ್ಲಕ್ಕಿಂತ ಮುಖ್ಯ. ಬಿಸಿಯೂಟದ ಬಗ್ಗೆ ಎಷ್ಟೋ ಸಭೆ ನಡೆಯುತ್ತವೆ, ಒಲೆ ಮುಂದೆ ನಿಲ್ಲುವವರನ್ನು ಕರೆಯದೆ! ನಿಯಮದ ಪ್ರಕಾರ 25 ಮಕ್ಕಳವರೆಗೆ ಒಬ್ಬರು, 100 ಮಕ್ಕಳವರೆಗೆ ಇಬ್ಬರು ಅಡುಗೆಯವರು. ಆ ಇಬ್ಬರೇ ಬೆಳಿಗ್ಗೆ ಹಾಲು ಕಾಯಿಸಬೇಕು, ಅನ್ನ ಸಾಂಬಾರು ಮಾಡಬೇಕು, ಮೊಟ್ಟೆ ಬೇಯಿಸಬೇಕು, ಬಡಿಸಬೇಕು, ಪಾತ್ರೆ ತಿಕ್ಕಬೇಕು. ಅವರಿಗೆ ಸಿಗುವುದು ಗೌರವಧನ ಮಾತ್ರ, ಅದೂ ತೀರಾ ಕಡಿಮೆ. ಹಾಗಾಗಿ 'ಇನ್ನು ಮೇಲೆ ಹೀಗೆ ಮಾಡಿ ಅಕ್ಕ' ಎಂದು ಪಟ್ಟಿ ಕೊಟ್ಟು ಬರಬೇಡಿ. 'ಯಾವ ದಿನ ಮಕ್ಕಳು ಚೆನ್ನಾಗಿ ಉಣ್ತಾರೆ ಅಕ್ಕ, ಯಾವ ದಿನ ಬಿಡ್ತಾರೆ?' ಎಂದು ಕೇಳಿ. ನಿಮ್ಮ ನೋಟ್‌ಬುಕ್‌ನಲ್ಲಿ ಇಲ್ಲದ ಸಂಗತಿಗಳು ಅವರಿಗೆ ಗೊತ್ತಿರುತ್ತವೆ.

ಆಮೇಲೆ ಒಂದೊಂದಾಗಿ ಈ ಬದಲಾವಣೆಗಳನ್ನು ಮಾಡಿ ನೋಡಬಹುದು.

ತರಕಾರಿ ಸಣ್ಣಗೆ ಹೆಚ್ಚುವುದು. ಕಡಲೆಕಾಳಿನಷ್ಟು ಸಣ್ಣ ಹೋಳನ್ನು ಮಕ್ಕಳು ಅನ್ನದ ಜೊತೆ ಕಲಸಿ ತಿಂದುಬಿಡುತ್ತಾರೆ. ಹೆಬ್ಬೆರಳಿನಷ್ಟು ದೊಡ್ಡದಿದ್ದರೆ ಆರಿಸಿ ತೆಗೆಯುತ್ತಾರೆ. ಆದರೆ 6 ಕೆಜಿ ತರಕಾರಿಯನ್ನು ಅಷ್ಟು ಸಣ್ಣಗೆ ಹೆಚ್ಚಲು ಸಮಯ ಬೇಕು, ಅಲ್ವಾ? ದಿನಕ್ಕೆ ನಾಲ್ಕು ಬಗೆ ತರಕಾರಿ ಬದಲು ಎರಡೇ ಬಗೆ ತಂದರೆ ಕೆಲಸ ಹಗುರವಾಗುತ್ತದೆ. ದಾನಿಗಳು ಯಾರಾದರೂ ಏನು ಕೊಡಲಿ ಎಂದು ಕೇಳಿದರೆ ಕೈಯಲ್ಲಿ ತಿರುಗಿಸುವ ತರಕಾರಿ ಹೆಚ್ಚುವ ಯಂತ್ರ ಕೇಳಿ. ಗೋಡೆ ಗಡಿಯಾರಕ್ಕಿಂತ ಇದರ ಉಪಯೋಗ ಜಾಸ್ತಿ.

ತೊಳೆದು ಹೆಚ್ಚುವುದು. ಹೆಚ್ಚಿದ ಮೇಲೆ ನೀರಲ್ಲಿ ನೆನೆಸಿಟ್ಟರೆ ಕೆಲವು ಜೀವಸತ್ವಗಳು ನೀರಿನ ಜೊತೆ ಹೋಗುತ್ತವೆ. ಬೇಳೆ ಬೆಂದ ಮೇಲೆ ಕೊನೆಗೆ ಸೊಪ್ಪು ಹಾಕಿ, ಮುಚ್ಚಳ ಮುಚ್ಚಿ ಬೇಯಿಸಿದರೆ ಸಾಕು. ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ. ಸೊಪ್ಪು ಮತ್ತು ಕಾಳಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಕುದಿಯುವಾಗಲೇ ಹಿಂಡಿದರೆ ಅದರಲ್ಲಿ ಒಂದಷ್ಟು ನಷ್ಟವಾಗುತ್ತದೆ, ರುಚಿಯೂ ಕೆಡುತ್ತದೆ.

ಕಾಳು ಮೊಳಕೆ ಬರಿಸುವುದು. ವಾರಕ್ಕೆ ಒಂದು ದಿನ ಹೆಸರುಕಾಳು ಅಥವಾ ಹುರುಳಿ. ಹಿಂದಿನ ದಿನ ಬೆಳಿಗ್ಗೆ ನೆನೆಹಾಕಿ, ಸಂಜೆ ಮನೆಗೆ ಹೋಗುವ ಮುಂಚೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳಕೆ ಬಂದಿರುತ್ತದೆ. ಇದನ್ನು ಬೇಯಿಸಿಯೇ ಕೊಡಿ. ನೂರು ಮಕ್ಕಳಿಗೆ ಒಟ್ಟಿಗೆ ಮಾಡುವಾಗ ಹಸಿ ಮೊಳಕೆಕಾಳು ಬೇಡ, ಬೆಚ್ಚಗೆ ತೇವದಲ್ಲಿರುವ ಕಾಳಿನಲ್ಲಿ ರೋಗಾಣು ಬೆಳೆಯುವ ಅಪಾಯ ಇದೆ.

ತರಕಾರಿಯನ್ನು ಅರೆದು ಸಾಂಬಾರಿಗೆ ಸೇರಿಸಿ ಗೊತ್ತಾಗದ ಹಾಗೆ ಕೊಡುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಶುರುವಿನಲ್ಲಿ ಒಂದೆರಡು ದಿನ ಮಾಡಿದರೆ ತಪ್ಪಿಲ್ಲ. ಆದರೆ ಅದೇ ರೂಢಿಯಾಗುವುದು ಬೇಡ ಎಂದು ನನ್ನ ಅಭಿಪ್ರಾಯ. ಬೀಟ್‌ರೂಟ್ ಅಂದರೆ ಹೇಗಿರುತ್ತದೆ, ಅದರ ರುಚಿ ಏನು ಎಂದು ಮಗುವಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ನಾಳೆ ಮನೆಯಲ್ಲಿ ಪಲ್ಯ ಮಾಡಿದರೆ ಮತ್ತೆ ತಟ್ಟೆಯ ಅಂಚಿಗೇ ಸರಿಸುತ್ತದೆ.

ಅಕ್ಕಿಯ ಬಗ್ಗೆಯೂ ಒಂದು ಮಾತು. ಸಾರವರ್ಧಿತ ಅಕ್ಕಿ ಬಂದಾಗ ಕೆಲವು ಕಾಳು ಬೇರೆ ಬಣ್ಣದಲ್ಲಿ ಕಾಣುತ್ತವೆ, ತೊಳೆಯುವಾಗ ತೇಲುವುದೂ ಉಂಟು. 'ಪ್ಲಾಸ್ಟಿಕ್ ಅಕ್ಕಿ ಬಂದಿದೆ' ಎಂದು ಊರಲ್ಲಿ ಗುಲ್ಲೆದ್ದು, ಅಡುಗೆಯವರು ಆ ಕಾಳನ್ನು ಆರಿಸಿ ಎಸೆಯುತ್ತಾರೆ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳುಗಳು ಅವು. 100 ಕೆಜಿಗೆ 1 ಕೆಜಿಯಂತೆ ಬೆರೆಸಿರುತ್ತಾರೆ. ಎಸೆದದ್ದು ಸತ್ವವನ್ನೇ. ಇದನ್ನು ಅಡುಗೆಯವರಿಗೂ ಪೋಷಕರಿಗೂ ಮೊದಲೇ ತಿಳಿಸಿ. ಅಕ್ಕಿಯನ್ನು ಒಂದೆರಡು ಸಲ ಮೃದುವಾಗಿ ತೊಳೆದರೆ ಸಾಕು. ಅಳತೆ ನೀರಿಟ್ಟು ಬೇಯಿಸಿ, ಗಂಜಿ ಬಸಿದು ಚೆಲ್ಲಬೇಡಿ.

ಬಡಿಸುವ ಮುಂಚೆ ದೊಡ್ಡವರು ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು ಎಂಬ ನಿಯಮ ಇದೆ. ಊಟವಾದ ಮೇಲೆ ಪುಸ್ತಕಕ್ಕೆ ಸಹಿ ಹಾಕಿ ಮುಗಿಸುವ ವಿಷಯ ಇದಲ್ಲ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಸೇರಿದ ಊಟ ತಿಂದು 23 ಮಕ್ಕಳು ತೀರಿಹೋದರು. ಔಷಧಿ ಡಬ್ಬಿ, ಗೊಬ್ಬರದ ಚೀಲ, ಫಿನಾಯಿಲ್ ಯಾವುದೂ ಅಡುಗೆಮನೆಯ ಹತ್ತಿರ ಸುಳಿಯಬಾರದು. ಖಾಲಿ ಡಬ್ಬಿ ಕೂಡ.

4. ಬಡಿಸುವ ರೀತಿ ಬದಲಾಯಿಸಿ

ಹೊಸ ರುಚಿಯನ್ನು ಮಗು ಮೊದಲ ಸಲಕ್ಕೇ ಒಪ್ಪುವುದಿಲ್ಲ. ಎಂಟು ಹತ್ತು ಸಲ ಸ್ವಲ್ಪ ಸ್ವಲ್ಪ ಬಾಯಿಗೆ ಬಿದ್ದ ಮೇಲೆ ಒಗ್ಗುತ್ತದೆ. ಹಾಗಾಗಿ ಹಾಗಲಕಾಯಿಯನ್ನೋ ನುಗ್ಗೆಸೊಪ್ಪನ್ನೋ ಒಂದು ಸಲ ಬಿಟ್ಟರು ಅಂತ ಪಟ್ಟಿಯಿಂದ ತೆಗೆಯಬೇಡಿ. ಚಮಚದಷ್ಟೇ ಹಾಕಿ. 'ಒಂದು ತುತ್ತು ನೋಡು, ಬೇಡ ಅನ್ನಿಸಿದರೆ ಬಿಡು' ಎನ್ನಿ. ಬೈದು, ನಿಲ್ಲಿಸಿ, ಹೆದರಿಸಿ ತಿನ್ನಿಸಿದ ತರಕಾರಿಯನ್ನು ಮಗು ಜನ್ಮಕ್ಕೂ ಇಷ್ಟಪಡುವುದಿಲ್ಲ. ತರಕಾರಿ ತಿಂದರೆ ಚಾಕೊಲೇಟ್ ಕೊಡುತ್ತೇನೆ ಎನ್ನುವುದೂ ಬೇಡ. ಆಗ ಮಗುವಿಗೆ ಚಾಕೊಲೇಟೇ ಬಹುಮಾನ, ತರಕಾರಿ ಶಿಕ್ಷೆ ಎಂದಾಗುತ್ತದೆ.

ಶಿಕ್ಷಕರು ಮಕ್ಕಳ ಸಾಲಿನಲ್ಲೇ ಕೂತು ಅದೇ ಊಟ ಮಾಡಿದರೆ ಬೇರೆ ಪಾಠವೇ ಬೇಡ. ಮಿಸ್ಸು ಪಲ್ಯವನ್ನು ಬೆರಳು ಚೀಪಿ ತಿನ್ನುವುದನ್ನು ಒಂದನೇ ತರಗತಿಯ ಮಗು ಕಣ್ಣರಳಿಸಿ ನೋಡುತ್ತದೆ. ಮರುದಿನ ಅದೂ ಹಾಗೇ ಮಾಡುತ್ತದೆ.

ಸಾಲಿನ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕಾದ ಮಾತಿದೆ. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂರಬೇಕು. ಅಡುಗೆ ಮಾಡಿದವರ ಜಾತಿ ನೋಡಿ ಮಕ್ಕಳನ್ನು ಊಟಕ್ಕೆ ಕಳಿಸದ ಮನೆಗಳು ಇವತ್ತಿಗೂ ಇವೆ. ಅಂಥ ಕಡೆ ಎಸ್‌ಡಿಎಂಸಿ ಅಧ್ಯಕ್ಷರು, ಊರಿನ ಹಿರಿಯರು ಶಾಲೆಗೆ ಬಂದು, ಅದೇ ಅಡುಗೆಯವರ ಕೈಯಿಂದ ಬಡಿಸಿಕೊಂಡು ಎಲ್ಲರೆದುರು ಉಣ್ಣಬೇಕು. ಇದಕ್ಕಿಂತ ಪರಿಣಾಮಕಾರಿ ಭಾಷಣ ಇಲ್ಲ. ಮೊಟ್ಟೆ ತಿನ್ನುವವರನ್ನು ಒಂದು ಕಡೆ, ಬಾಳೆಹಣ್ಣಿನವರನ್ನು ಇನ್ನೊಂದು ಕಡೆ ಕೂರಿಸುವುದೂ ಬೇಡ. ಗೆಳೆಯರು ಅಕ್ಕಪಕ್ಕ ಕೂತು ತಮಗೆ ಬೇಕಾದ್ದನ್ನು ತಿನ್ನಲಿ.

ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು ತಪ್ಪಬಾರದು. ನಲ್ಲಿ ಒಂದೇ ಇದ್ದರೆ ತರಗತಿಗಳನ್ನು ಐದೈದು ನಿಮಿಷದ ಅಂತರದಲ್ಲಿ ಬಿಡಿ.

5. ಹಾಲು, ರಾಗಿ ಮಾಲ್ಟ್, ಮೊಟ್ಟೆ

ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾಗಿದ್ದು 2013ರ ಆಗಸ್ಟ್‌ನಲ್ಲಿ. 18 ಗ್ರಾಂ ಹಾಲಿನ ಪುಡಿ, 10 ಗ್ರಾಂ ಸಕ್ಕರೆಯಿಂದ ಒಂದು ಮಗುವಿಗೆ 150 ಮಿಲಿ ಹಾಲು. ಪುಡಿಯನ್ನು ನೇರ ಕುದಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಮಕ್ಕಳು ಆ ಗಂಟಿಗೇ ಹೇಸಿ ಹಾಲು ಚೆಲ್ಲುತ್ತಾರೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಕದಡಿ, ಆಮೇಲೆ ಕಾಯಿಸಿ. ಸಕ್ಕರೆ ಅಳತೆಗಿಂತ ಜಾಸ್ತಿ ಹಾಕುವುದು ಬೇಡ.

2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು. ಒಳ್ಳೆಯ ಹೆಜ್ಜೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು.

ಕೂಲಿಗೆ ಹೋಗುವ ತಾಯಿಯ ಜೊತೆಗೇ ಬೆಳಿಗ್ಗೆ ಏನೂ ತಿನ್ನದೆ ಮನೆ ಬಿಟ್ಟು ಬರುವ ಮಕ್ಕಳು ಹಳ್ಳಿಗಳಲ್ಲಿ ತುಂಬ ಇದ್ದಾರೆ. ಅವರಿಗೆ ಈ ಲೋಟವೇ ದಿನದ ಮೊದಲ ಆಹಾರ. ಆದಷ್ಟು ಬೇಗ, ಪ್ರಾರ್ಥನೆ ಮುಗಿಯುತ್ತಿದ್ದಂತೆ ಕೊಡಿ. ಮೊದಲ ಪಾಠದಲ್ಲಿ ಆಕಳಿಸುವವರು ಕಡಿಮೆಯಾಗುತ್ತಾರೆ.

ಮೊಟ್ಟೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ 2021ರ ಡಿಸೆಂಬರ್‌ನಲ್ಲಿ ಬಂತು, ಆಮೇಲೆ ಇಡೀ ರಾಜ್ಯಕ್ಕೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ 6 ದಿನವಾಯಿತು. ಬೇಯಿಸುವ ಮುಂಚೆ ಮೊಟ್ಟೆಗಳನ್ನು ನೀರಿಗೆ ಹಾಕಿ. ಪೂರ್ತಿ ತೇಲಿದ್ದನ್ನು ಎಸೆಯಿರಿ. ಬೆಂದ ಕೂಡಲೇ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ನಾಲ್ಕನೇ ತರಗತಿಯಿಂದ ಮೇಲಿನವರು ತಮ್ಮ ಮೊಟ್ಟೆ ತಾವೇ ಸುಲಿದುಕೊಳ್ಳಲಿ, ಅಡುಗೆಯವರಿಗೆ ಒಂದು ಕೆಲಸ ಕಡಿಮೆ.

6. ಕೈತೋಟ

ಜಾಗ ಎಷ್ಟಿದೆ ಎನ್ನುವುದಕ್ಕಿಂತ ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಾಕುವವರು ಯಾರು ಎಂಬ ಪ್ರಶ್ನೆ ಮೊದಲು ಬಗೆಹರಿಯಬೇಕು. ಜೂನ್‌ನಲ್ಲಿ ಸಸಿ ನೆಟ್ಟು ಫೋಟೊ ತೆಗೆದು, ಮುಂದಿನ ಜೂನ್‌ಗೆ ಬೇಲಿಯೂ ಇಲ್ಲದ ತೋಟಗಳು ಬೇಕಾದಷ್ಟಿವೆ. ಶಾಲೆ ಪಕ್ಕದ ಮನೆಯವರೊಬ್ಬರನ್ನು ಒಪ್ಪಿಸಿ. ರಜೆಯಲ್ಲಿ ಬೆಳೆದದ್ದೆಲ್ಲ ಅವರಿಗೇ ಎಂದು ಹೇಳಿ.

ಸುಲಭದ ಗಿಡಗಳಿಂದ ಶುರು ಮಾಡಿ. ನುಗ್ಗೆ, ಕರಿಬೇವು, ಪಪ್ಪಾಯ, ಬಸಳೆ, ನಿಂಬೆ. ನುಗ್ಗೆ ಕೊಂಬೆ ನೆಟ್ಟರೂ ಬರುತ್ತದೆ, ಒಮ್ಮೆ ಬೇರು ಹಿಡಿದರೆ ಹೆಚ್ಚು ನೀರು ಕೇಳುವುದಿಲ್ಲ. ಕೈ ತೊಳೆದ ನೀರು ಹರಿಯುವ ಕಡೆ ಬಾಳೆ ಹಾಕಿ. ಸೊಪ್ಪಿನ ಮಡಿಗೆ ಆ ಸೋಪಿನ ನೀರು ಬೇಡ, ಒಳ್ಳೆಯ ನೀರೇ ಹಾಕಿ. ಯಾವ ಔಷಧಿಯನ್ನೂ ಹೊಡೆಯಬೇಡಿ.

ನೂರು ಮಕ್ಕಳಿಗೆ ಬೇಕಾಗುವ ದಿನದ 6 ಕೆಜಿ ತರಕಾರಿ ಶಾಲೆಯ ಅಂಗಳದಿಂದ ಬರುವುದಿಲ್ಲ, ಅದನ್ನು ನಿರೀಕ್ಷಿಸಲೂಬಾರದು. ತೋಟದ ಲಾಭ ಬೇರೆ ಕಡೆ ಇದೆ. ತಾನೇ ನೀರೆರೆದ ಬಸಳೆ ಸಾಂಬಾರಿಗೆ ಬಿದ್ದ ದಿನ ಮಗು ಅದನ್ನು ಅಂಚಿಗೆ ಸರಿಸುವುದಿಲ್ಲ. 'ಇದು ನಮ್ಮ ಐದನೇ ಕ್ಲಾಸಿನ ಬಸಳೆ' ಎಂದು ಎಲ್ಲರಿಗೂ ಹೇಳಿಕೊಂಡು ತಿನ್ನುತ್ತದೆ.

7. ಗೇಟಿನಾಚೆಯ ಅಂಗಡಿ, ಗೇಟಿನೊಳಗಿನ ಹುಟ್ಟುಹಬ್ಬ

ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೆ ಮತ್ತು ಶಾಲೆಯಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಇದು ಎಷ್ಟೋ ಶಾಲೆಗಳಿಗೆ ಗೊತ್ತೇ ಇಲ್ಲ. ಆದರೆ ನಿಯಮದ ಪ್ರತಿ ಹಿಡಿದು ಅಂಗಡಿಯವರ ಮೇಲೆ ಎರಗಬೇಡಿ. ಅವರೂ ಊರಿನವರೇ, ಅವರ ಮಕ್ಕಳೂ ಇದೇ ಶಾಲೆಯಲ್ಲಿ ಓದುತ್ತಿರಬಹುದು. ಕಡಲೆಬೀಜ, ಸೀಬೆಹಣ್ಣು, ಸೌತೆಕಾಯಿ, ಬೇಯಿಸಿದ ಜೋಳ, ನೆಲ್ಲಿಕಾಯಿ ಇಡಿ, ಮಕ್ಕಳಿಗೆ ನಾವೂ ಹೇಳುತ್ತೇವೆ ಎಂದು ಒಪ್ಪಿಸಿ. ಅಷ್ಟಾದರೂ ಕೇಳದಿದ್ದರೆ ನಿಯಮ ಇದ್ದೇ ಇದೆ.

ಮಕ್ಕಳಿಗೆ ಪ್ಯಾಕೆಟ್‌ನ ಹಿಂಭಾಗ ಓದಲು ಕಲಿಸಿ. ಬಣ್ಣದ ತಂಪು ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿಲಿಗೆ 10 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. 250 ಮಿಲಿ ಬಾಟಲಿಯಲ್ಲಿ ಎಷ್ಟಾಯಿತು ಎಂದು ಗಣಿತದ ಪಿರಿಯಡ್‌ನಲ್ಲೇ ಲೆಕ್ಕ ಮಾಡಿಸಿ, ಅಷ್ಟು ಸಕ್ಕರೆಯನ್ನು ಗಾಜಿನ ಲೋಟಕ್ಕೆ ಸುರಿದು ತೋರಿಸಿ.

ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವ ಬದಲು ಬಾಳೆಹಣ್ಣು ಅಥವಾ ಕಡಲೆಬೀಜ ತರಲು ಹೇಳಿ. ಊರಿನವರು ವಿಶೇಷ ದಿನಗಳಲ್ಲಿ ಶಾಲೆಗೆ ಊಟ ಹಾಕಿಸುವಾಗಲೂ ಸಿಹಿಯ ಜೊತೆ ಕೋಸಂಬರಿ, ಪಲ್ಯ, ಮಜ್ಜಿಗೆ ಇರಲಿ ಎಂದು ಮೊದಲೇ ವಿನಂತಿಸಿ. ಕೊಡುವ ಮನಸ್ಸಿದ್ದವರು ಬೇಡ ಎನ್ನುವುದಿಲ್ಲ.

8. ಮನೆಯವರನ್ನು ಒಳಗೆ ಕರೆಯಿರಿ

ಪೋಷಕರ ಸಭೆಯನ್ನು ಊಟದ ಹೊತ್ತಿಗೇ ಇಟ್ಟುಕೊಳ್ಳಿ. ಬಂದವರು ಮಕ್ಕಳ ಜೊತೆ ಉಣ್ಣಲಿ. ವಾರಕ್ಕೊಬ್ಬ ತಾಯಿ ಬಂದು ರುಚಿ ನೋಡಿ ಪುಸ್ತಕದಲ್ಲಿ ಬರೆದು ಹೋಗುವ ಏರ್ಪಾಡು ಇನ್ನೂ ಒಳ್ಳೆಯದು.

ಸಭೆಯಲ್ಲಿ ಹತ್ತು ವಿಷಯ ಹೇಳಬೇಡಿ, ಎರಡೇ ಸಾಕು. ಒಂದು, ಮಕ್ಕಳಿಗೆ ಊಟದ ಜೊತೆಗಾಗಲೀ ಊಟವಾದ ಕೂಡಲೇ ಆಗಲೀ ಟೀ ಬೇಡ, ಅದು ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಡೆಯುತ್ತದೆ. ಎರಡು, ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಮತ್ತು ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಯಾಕೆ ಬೇಕು ಎಂಬುದು. ಹೊಟ್ಟೆಯಲ್ಲಿ ಹುಳು ಇದ್ದರೆ ಎಷ್ಟು ಒಳ್ಳೆಯ ಊಟ ಹಾಕಿದರೂ ಮಗುವಿಗೆ ಹತ್ತುವುದಿಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆ.

9. ಒಂದು ಶಾಲೆಯಿಂದ ಇಡೀ ತಾಲೂಕಿಗೆ

ಎರಡು ಮೂರು ತಿಂಗಳಾದ ಮೇಲೆ ಮತ್ತೆ ಒಂದು ವಾರ ಬಕೆಟ್ ತೂಗಿ. ಈ ಸಲ ಮಕ್ಕಳಿಗೇ ಹೇಳಿ, ಏಳನೇ ತರಗತಿಯವರು ಲೆಕ್ಕ ಬರೆಯಲಿ. ಎತ್ತರ, ತೂಕವನ್ನು ವರ್ಷಕ್ಕೆ ಎರಡು ಸಲ ನೋಡಿ. ತೀರಾ ಸೊರಗಿದ ಮಗು ಕಂಡರೆ ಶಾಲೆಗೆ ಬರುವ ಆರೋಗ್ಯ ತಂಡಕ್ಕೆ ತಪ್ಪದೆ ತೋರಿಸಿ. ಆ ಮಗುವಿನ ತೂಕವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ.

ಆಮೇಲೆ ಸುತ್ತಲಿನ ಶಾಲೆಗಳವರು ಸೇರುವ ಕ್ಲಸ್ಟರ್ ಸಭೆಯಲ್ಲಿ ನಿಮ್ಮ ನೋಟ್‌ಬುಕ್ ತೆರೆದಿಡಿ. ಅಕ್ಕಪಕ್ಕದ ಐದಾರು ಶಾಲೆಗಳು ಸೇರಿ ಒಬ್ಬರೇ ರೈತರಿಂದ ತರಕಾರಿ ತಂದರೆ ಬೆಲೆ ಇಳಿಯುತ್ತದೆ, ಸಾಗಿಸುವ ಖರ್ಚೂ ಹಂಚಿಹೋಗುತ್ತದೆ. ರಾಗಿ ಸೀಮೆಯಲ್ಲಿ, ಜೋಳದ ಸೀಮೆಯಲ್ಲಿ, ಕುಚ್ಚಲಕ್ಕಿ ಉಣ್ಣುವ ಕರಾವಳಿಯಲ್ಲಿ ಮಕ್ಕಳ ನಾಲಿಗೆ ಒಂದೇ ಥರ ಇರುವುದಿಲ್ಲ. ಸಾಂಬಾರಿನ ಮಸಾಲೆ, ಸೊಪ್ಪು, ಕಾಳು ಆಯಾ ಸೀಮೆಯ ರುಚಿಗೆ ಹೊಂದುವಂತೆ ಇರಲಿ ಎಂದು ತಾಲೂಕಿನ ಅಕ್ಷರ ದಾಸೋಹ ಅಧಿಕಾರಿಗಳ ಮುಂದೆ ಎಲ್ಲ ಶಾಲೆಗಳೂ ಒಟ್ಟಾಗಿ ಕೇಳಿ. ಒಬ್ಬರು ಕೇಳುವುದಕ್ಕೂ ಇಪ್ಪತ್ತು ಶಾಲೆ ಕೇಳುವುದಕ್ಕೂ ವ್ಯತ್ಯಾಸ ಇದೆ.

ಆ ಸಭೆಗೆ ಹೋಗುವಾಗ ನಿಮ್ಮ ಮುಖ್ಯ ಅಡುಗೆಯವರನ್ನೂ ಕರೆದುಕೊಂಡು ಹೋಗಿ. ಯಾವ ಸೊಪ್ಪನ್ನು ಹೇಗೆ ಮಾಡಿದರೆ ಮಕ್ಕಳು ಬಿಡದೆ ತಿಂದರು ಎಂಬುದನ್ನು ಅವರೇ ಹೇಳಲಿ. ಬೇರೆ ಶಾಲೆಯ ಅಡುಗೆಯವರು ಅದನ್ನು ಬರೆದುಕೊಂಡು ಹೋಗುತ್ತಾರೆ.